ಕೃಷ್ಣದೇವರಾಯನ ಉದಯ

ಹೊಸಪೇಟೆಯಿಂದ ಹಂಪಿಯ ಕಡೆಗೆ ಸಾಗುವ ಪ್ರಯಾಣಿಕನಿಗೆ ಒಂದೆಡೆ ಬಾಳೆ, ಕಬ್ಬು, ಭತ್ತಗಳ ಹಸಿರೂ ಇನ್ನೊಂದೆಡೆ ಯಾರೋ ಪೇರಿಸಿಟ್ಟಂತೆ ನಿಂತಿರುವ ಬಂಡೆಗಳ ಗುಡ್ಡಗಳೂ ಕಾಣುತ್ತವೆ. ದಕ್ಷಿಣಕ್ಕೆ ತಿರುಗಿದರೆ ಸಂಡೂರಿನ ಬೆಟ್ಟಸಾಲು ಕೋಟೆಯ ಗೋಡೆಯಂತೆ ಹಬ್ಬಿದೆ. ತುಂಗಭದ್ರೆಯ ಹರಿವನ್ನು ಅನುಸರಿಸಿ ಕೆಳಗೆ ಸಾಗಿದರೆ ಕಂಪ್ಲಿ ಸಿಗುತ್ತದೆ. ಕಂಪಿಲರಾಯನೂ ಅವನ ಮಗ ಕುಮಾರರಾಮನೂ ದೆಹಲಿಯ ಸೈನ್ಯವನ್ನು ಎದುರಿಸಿ ಮಡಿದುದು ಈ ಸೀಮೆಯಲ್ಲಿಯೇ. 1327ರ ಸುಮಾರಿಗೆ ಆ ಚಿಕ್ಕ ರಾಜ್ಯ ಅಳಿಯಿತು. ಅದರ ಬೂದಿ ಆರುವ ಮುನ್ನವೇ, 1336ರಲ್ಲಿ, ಅದೇ ನದಿಯ ದಡದಲ್ಲಿ ವಿಜಯನಗರವು ತಲೆಯೆತ್ತಿತು.

ಆ ಸಾಮ್ರಾಜ್ಯವನ್ನು ಆಳಿದ ದೊರೆಗಳಲ್ಲಿ ಕೃಷ್ಣದೇವರಾಯನ ಹೆಸರನ್ನು ಅರಿಯದ ಕನ್ನಡಿಗರಿಲ್ಲ. 1509ರಿಂದ 1529ರವರೆಗೆ, ಇಪ್ಪತ್ತು ವರ್ಷಗಳ ಕಾಲ, ಅವನು ಆಳಿದನು. ನಾವು ಅವನನ್ನು ಕಲ್ಪಿಸಿಕೊಳ್ಳುವುದು ರತ್ನಸಿಂಹಾಸನದ ಮೇಲೆ, ಅಷ್ಟದಿಗ್ಗಜರೆಂದು ಹೆಸರಾದ ಕವಿಗಳ ನಡುವೆ. ಆದರೆ ಆ ಸಿಂಹಾಸನವು ಅವನಿಗಾಗಿ ಕಾದಿರಿಸಿದುದಾಗಿರಲಿಲ್ಲ. ಅದು ಅವನಿಗೆ ದೊರೆತ ಬಗೆ ಯಾವುದು, ದೊರೆತ ಮೇಲೆ ಅವನು ಅದಕ್ಕೆ ತಕ್ಕವನಾದುದು ಹೇಗೆ ಎಂಬುದನ್ನು ತಿಳಿಯುವುದು ಉಚಿತ.

ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಸ್ಥಿತಿ ಹದಗೆಟ್ಟಿತ್ತು. ಹರಿಹರ ಬುಕ್ಕರ ಸಂಗಮ ವಂಶದಲ್ಲಿ ಸಮರ್ಥರು ಉಳಿದಿರಲಿಲ್ಲ. ಚಂದ್ರಗಿರಿಯ ಒಡೆಯನಾಗಿದ್ದ ಸಾಳುವ ನರಸಿಂಹನು 1485ರಲ್ಲಿ ಸಿಂಹಾಸನವನ್ನು ತನ್ನ ವಶಕ್ಕೆ ತೆಗೆದುಕೊಂಡನು. ಅವನ ಬಲಗೈಯಾಗಿ ನಿಂತ ದಂಡನಾಯಕನೇ ತುಳುವ ವಂಶದ ನರಸನಾಯಕ. ಅವನ ತಂದೆ ಈಶ್ವರನಾಯಕನೂ ಅದೇ ಮನೆತನದ ಸೇವೆಯಲ್ಲಿದ್ದವನು. 1491ರಲ್ಲಿ ಸಾಳುವ ನರಸಿಂಹನು ತೀರಿಕೊಂಡಾಗ ಅವನ ಮಕ್ಕಳಿನ್ನೂ ಎಳೆಯರು. ಅವರನ್ನೂ ರಾಜ್ಯವನ್ನೂ ಅವನು ನರಸನಾಯಕನ ಕೈಗೆ ಒಪ್ಪಿಸಿ ಹೋಗಿದ್ದನು.

ನರಸನಾಯಕನು ರಾಜ್ಯವನ್ನು ಕಾಪಾಡಿದನು. ದಕ್ಷಿಣದಲ್ಲಿ ತಲೆಯೆತ್ತಿದ ಪಾಳೆಯಗಾರರನ್ನು ಅಡಗಿಸಿದನು. ತುಂಬಿ ಹರಿಯುತ್ತಿದ್ದ ಕಾವೇರಿಗೆ ಸೇತುವೆ ಕಟ್ಟಿ ಶ್ರೀರಂಗಪಟ್ಟಣವನ್ನು ಹಿಡಿದನೆಂದು ಅವನ ವಂಶದ ಶಾಸನಗಳು ಕೊಂಡಾಡುತ್ತವೆ. ಆದರೆ ಅಧಿಕಾರವನ್ನು ಅವನು ಅರಸುಮಕ್ಕಳಿಗೆ ಬಿಟ್ಟುಕೊಡಲಿಲ್ಲ. ಹಿರಿಯ ರಾಜಕುಮಾರನು ಕೊಲೆಯಾದನು. ಕಿರಿಯನಾದ ಇಮ್ಮಡಿ ನರಸಿಂಹನು ಹೆಸರಿಗೆ ಮಾತ್ರ ರಾಜನಾಗಿ ಪೆನುಗೊಂಡೆಯ ಕೋಟೆಯಲ್ಲಿ ಕಾವಲಿನಲ್ಲಿ ಉಳಿದನು. 1503ರಲ್ಲಿ ನರಸನಾಯಕನು ಕಾಲವಾಗಲು ಅವನ ಹಿರಿಯ ಮಗ ವೀರನರಸಿಂಹನು ಆ ಸ್ಥಾನಕ್ಕೆ ಬಂದನು. 1505ರಲ್ಲಿ ಇಮ್ಮಡಿ ನರಸಿಂಹನೂ ಕೊಲೆಯಾದನು. ವೀರನರಸಿಂಹನು ತಾನೇ ಕಿರೀಟವನ್ನು ಧರಿಸಿದನು. ಹೀಗೆ ಇಪ್ಪತ್ತೇ ವರ್ಷಗಳಲ್ಲಿ ಒಂದೇ ಸಿಂಹಾಸನವು ಮೂರು ವಂಶಗಳನ್ನು ಕಂಡಿತು. ಬಲವುಳ್ಳವನು ಕಸಿದುಕೊಳ್ಳಬಹುದು, ಕಸಿದುಕೊಂಡವನು ಎಂದೂ ನೆಮ್ಮದಿಯಿಂದ ಮಲಗಲಾರನು ಎಂಬುದೇ ಆ ಕಾಲದ ಅರಮನೆಯ ಪಾಠವಾಗಿತ್ತು.

ಇಂತಹ ಮನೆಯಲ್ಲಿ ಬೆಳೆದವನು ಕೃಷ್ಣರಾಯ. ನರಸನಾಯಕನಿಗೆ ಹಲವರು ಪತ್ನಿಯರಿದ್ದರು. ತಿಪ್ಪಾಂಬೆಯ ಮಗ ವೀರನರಸಿಂಹ. ನಾಗಲಾದೇವಿಯ ಮಗ ಕೃಷ್ಣ. ಓಬಾಂಬಿಕೆಯ ಮಕ್ಕಳು ರಂಗ ಮತ್ತು ಅಚ್ಯುತ. ವಂಶದ ಶಾಸನಗಳು ವೀರನರಸಿಂಹ ಕೃಷ್ಣರಾಯರನ್ನು ರಾಮಲಕ್ಷ್ಮಣರಿಗೆ ಹೋಲಿಸುತ್ತವೆ. ಮಲಸಹೋದರರ ನಡುವೆ ಅಂತಹ ಪ್ರೀತಿಯಿದ್ದಿತೆಂದು ನಂಬಲು ನಮ್ಮ ಮನಸ್ಸೂ ಬಯಸುತ್ತದೆ. ಆದರೆ ಕಲ್ಲಿನ ಮೇಲೆ ಅರಸನ ಅಪ್ಪಣೆಯಿಂದ ಕೆತ್ತಿದುದೆಲ್ಲವೂ ಅರಮನೆಯ ಒಳಗಿನ ಕಥೆಯಾಗಿರುವುದಿಲ್ಲ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ನೆನಪಿಡಬೇಕು.

ತಂದೆಯ ಬಾಳೆಲ್ಲ ದಂಡಿನಲ್ಲಿ ಕಳೆಯಿತು. ಮಗನ ಶಿಕ್ಷಣವೂ ಅದಕ್ಕೆ ಅನುಗುಣವಾಗಿಯೇ ನಡೆಯಿತು. ಆ ಶಿಕ್ಷಣದ ಫಲ ಎಂತಹುದೆಂಬುದನ್ನು ಮುಂದೆ 1520ರ ಸುಮಾರಿಗೆ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅರಸನು ಪ್ರತಿದಿನವೂ ಬೆಳಕು ಹರಿಯುವ ಮೊದಲೇ ಏಳುತ್ತಿದ್ದನು. ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಸಿಕೊಂಡು, ಲಂಗೋಟಿ ಕಟ್ಟಿ ಅಭ್ಯಾಸಕ್ಕೆ ಇಳಿಯುತ್ತಿದ್ದನು. ಮಣ್ಣಿನಿಂದ ಮಾಡಿದ ಭಾರವಾದ ಗುಂಡುಗಳನ್ನು ತೋಳುಗಳಿಂದ ಎತ್ತುವನು; ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಆಡುವನು; ಜಟ್ಟಿಯೊಡನೆ ಕುಸ್ತಿ ಹಿಡಿಯುವನು; ಕುದುರೆಯೇರಿ ಬಯಲಿನಲ್ಲಿ ಬೆಳಗಾಗುವವರೆಗೆ ಓಡಾಡುವನು. ಸ್ನಾನ, ದೇವರಪೂಜೆ, ರಾಜಕಾರ್ಯಗಳು ಆ ಮೇಲೆ. ಪಟ್ಟವೇರಿದ ಹತ್ತು ವರ್ಷಗಳ ಬಳಿಕವೂ ಬಿಡದ ಈ ನಿಯಮವು ಬಾಲ್ಯದಿಂದ ಬಂದ ಅಭ್ಯಾಸವೇ ಆಗಿರಬೇಕು.

ಕತ್ತಿಯೊಂದಿಗೆ ಪುಸ್ತಕವೂ ಅವನ ಕೈಗೆ ಬಂದಿತ್ತು. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನೂ ಸಂಸ್ಕೃತದಲ್ಲಿ ‘ಜಾಂಬವತೀ ಕಲ್ಯಾಣ’ವನ್ನೂ ರಚಿಸಿದವನು ಹರೆಯದಲ್ಲಿ ಓದದೆ ಕಾಲ ಕಳೆದವನಾಗಿರಲಾರನು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದ ಕನ್ನಡ ಭಾರತವನ್ನು ತಿಮ್ಮಣ್ಣಕವಿಯು ಪೂರ್ಣಗೊಳಿಸಿದುದು ಇವನ ಆಶ್ರಯದಲ್ಲಿಯೇ. ಪಾಯೆಸನು ಅವನ ರೂಪವನ್ನೂ ಬಣ್ಣಿಸಿದ್ದಾನೆ: ನಡುತರದ ಎತ್ತರ, ತೆಳ್ಳಗೆನ್ನಲಾಗದ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆಗಳು, ಸದಾ ನಗುಮುಖ, ಪರಸ್ಥಳದವರನ್ನು ಆದರಿಸುವ ಗುಣ. ಇಷ್ಟೆಲ್ಲ ಹೊಗಳಿ, ಒಮ್ಮೊಮ್ಮೆ ಅವನಿಗೆ ತಟ್ಟನೆ ಉಗ್ರಕೋಪ ಬರುತ್ತಿತ್ತೆಂಬುದನ್ನೂ ಮರೆಯದೆ ಸೇರಿಸಿದ್ದಾನೆ. ಈ ಕೊನೆಯ ಮಾತನ್ನು ನಾವೂ ಮರೆಯಬಾರದು.

ವೀರನರಸಿಂಹನ ಆಳ್ವಿಕೆಯೆಲ್ಲ ದಂಗೆಗಳನ್ನು ಅಡಗಿಸುವುದರಲ್ಲಿಯೇ ಕಳೆಯಿತು. 1509ರಲ್ಲಿ ಅವನು ಮರಣಶಯ್ಯೆಯಲ್ಲಿ ಮಲಗಿದಾಗ ನಡೆಯಿತೆನ್ನಲಾದ ಒಂದು ಸಂಗತಿಯನ್ನು, 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ತಿಳಿಸಿದ್ದಾನೆ. ರಾಜನಿಗೆ ಎಂಟು ವರ್ಷದ ಮಗನೊಬ್ಬನಿದ್ದನು. ಆ ಮಗುವೇ ಪಟ್ಟವೇರಬೇಕೆಂಬುದು ತಂದೆಯ ಆಸೆ. ತಾನು ಹೇಗೆ ಕಿರೀಟವನ್ನು ಪಡೆದೆನೆಂಬುದು ಅವನಿಗೆ ಗೊತ್ತಿತ್ತು. ತನ್ನ ಮಗನಿಗೂ ಅದೇ ಗತಿ ಬರಬಹುದೆಂಬ ಅಂಜಿಕೆ ಅವನನ್ನು ಕಾಡಿತು. ಆಗ ತಾನೇ ಇಪ್ಪತ್ತು ದಾಟಿದ ತಮ್ಮ ಕೃಷ್ಣರಾಯನ ಮೇಲೆ ಸಂಶಯದ ನೆರಳು ಬಿದ್ದಿತು. ಅವನು ಪ್ರಧಾನಿಯಾದ ಸಾಳುವ ತಿಮ್ಮರಸನನ್ನು ಕರೆಸಿ, ತಮ್ಮನ ಕಣ್ಣುಗಳನ್ನು ಕೀಳಿಸಿ ತಂದು ತೋರಿಸಬೇಕೆಂದು ಅಪ್ಪಣೆ ಮಾಡಿದನು.

ತಿಮ್ಮರಸನು ಅಪ್ಪಣೆಯನ್ನು ತಲೆಬಾಗಿ ಕೇಳಿ ಹೊರಬಂದನು. ಕೃಷ್ಣರಾಯನನ್ನು ಕುದುರೆಲಾಯದ ಕಡೆಗೆ ಕರೆದೊಯ್ದು ನಡೆದುದನ್ನು ತಿಳಿಸಿದನು. ತನಗೆ ರಾಜ್ಯದ ಆಸೆಯಿಲ್ಲ, ಸಂನ್ಯಾಸಿಯಂತೆ ಎಲ್ಲಿಯಾದರೂ ಬದುಕಿಕೊಳ್ಳುತ್ತೇನೆ, ಅಪರಾಧವಿಲ್ಲದ ತನ್ನನ್ನು ಕುರುಡನನ್ನಾಗಿ ಮಾಡಬೇಡಿರೆಂದು ಆ ತರುಣನು ಬೇಡಿಕೊಂಡನೆಂದು ನ್ಯೂನಿಜನ ಕಥನ ಹೇಳುತ್ತದೆ. ಎಂಟು ವರ್ಷದ ಮಗುವಿನ ಕೈಯಲ್ಲಿ ರಾಜ್ಯವು ಉಳಿಯಲಾರದೆಂಬುದನ್ನು ಮಂತ್ರಿಯು ಬಲ್ಲನು. ಎದುರಿಗೆ ನಿಂತ ತರುಣನ ಯೋಗ್ಯತೆಯನ್ನೂ ಬಲ್ಲನು. ಅವನು ಒಂದು ಆಡಿನ ಕಣ್ಣುಗಳನ್ನು ತೆಗೆಸಿ ರಾಜನ ಮುಂದಿಟ್ಟನು. ಸಾಯುವವನು ನೆಮ್ಮದಿಯಿಂದ ಕಣ್ಣುಮುಚ್ಚಿದನು. ಬದುಕಿದವನು ತೆರೆದ ಕಣ್ಣುಗಳಿಂದ ಸಿಂಹಾಸನವನ್ನು ಏರಿದನು.

ಈ ಪ್ರಸಂಗವನ್ನು ಅಕ್ಷರಶಃ ಒಪ್ಪದ ವಿದ್ವಾಂಸರಿದ್ದಾರೆ. ಅಣ್ಣನೇ ತಮ್ಮನನ್ನು ಉತ್ತರಾಧಿಕಾರಿಯನ್ನಾಗಿ ಆರಿಸಿದನೆಂಬ ಹೇಳಿಕೆಯೂ ಪರಂಪರೆಯಲ್ಲಿದೆ. ಕಥೆಯ ವಿವರಗಳು ಏನೇ ಇರಲಿ, ತಿಮ್ಮರಸನ ಬೆಂಬಲವಿಲ್ಲದೆ ಕೃಷ್ಣರಾಯನಿಗೆ ಪಟ್ಟವು ದೊರೆಯುತ್ತಿರಲಿಲ್ಲವೆಂಬುದರಲ್ಲಿ ಸಂಶಯವಿಲ್ಲ. ಆ ಹಿರಿಯ ಮಂತ್ರಿಯನ್ನು ಅರಸನು ಅಪ್ಪಾಜಿ ಎಂದು ಕರೆಯುತ್ತಿದ್ದನು.

1510ರ ಜನವರಿಯಲ್ಲಿ ಬರೆಸಿದ ಶಾಸನವೊಂದು ಹಂಪಿಯ ವಿರೂಪಾಕ್ಷ ದೇವಾಲಯದ ಅಂಗಳದಲ್ಲಿ ಇಂದಿಗೂ ನಿಂತಿದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ಅರಸನು ಅಲ್ಲಿ ರಂಗಮಂಟಪವನ್ನು ಕಟ್ಟಿಸಿದುದನ್ನೂ ಗೋಪುರದ ಕೆಲಸ ಮಾಡಿಸಿದುದನ್ನೂ ದೇವರ ಸೇವೆಗೆ ಗ್ರಾಮವನ್ನು ಬಿಟ್ಟುದನ್ನೂ ಅದು ಸಾರುತ್ತದೆ. ಅದೇ ಹೊತ್ತಿನಲ್ಲಿ ಅವನು ಇನ್ನೊಂದು ಕೆಲಸವನ್ನೂ ಮಾಡಿದ್ದನು. ಅಣ್ಣನ ಮಗನನ್ನೂ ತನ್ನ ಸಹೋದರರನ್ನೂ ಚಂದ್ರಗಿರಿಯ ಕೋಟೆಗೆ ಕಳುಹಿಸಿ ಕಾವಲಿನಲ್ಲಿ ಇರಿಸಿದನು. ಅರಮನೆಯ ಹಳೆಯ ಪಾಠವನ್ನು ಅವನೂ ಕಲಿತಿದ್ದನು. ಆದರೆ ಅವರ ಪ್ರಾಣವನ್ನು ತೆಗೆಸಲಿಲ್ಲ.

ಹೊಸ ಅರಸನ ಸುತ್ತಲೂ ಶತ್ರುಗಳಿದ್ದರು. ಉತ್ತರದಲ್ಲಿ ಬಹಮನಿ ರಾಜ್ಯವು ಒಡೆದು ಹುಟ್ಟಿದ ಸುಲ್ತಾನರ ರಾಜ್ಯಗಳು. ಪೂರ್ವದಲ್ಲಿ ಉದಯಗಿರಿ, ಕೊಂಡವೀಡುಗಳವರೆಗೆ ಚಾಚಿದ್ದ ಒರಿಸ್ಸಾದ ಗಜಪತಿ. ದಕ್ಷಿಣದಲ್ಲಿ ಬಹಿರಂಗವಾಗಿ ದಂಗೆಯೆದ್ದ ಉಮ್ಮತ್ತೂರಿನ ಗಂಗರಾಜ. ಪಶ್ಚಿಮ ಕರಾವಳಿಯಲ್ಲಿ 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು. ಇಂತಹ ಸಮಯದಲ್ಲಿ ತರುಣ ಅರಸನು ಒಡನೆಯೇ ದಂಡೆತ್ತಿ ಹೊರಡುವುದು ಸಹಜವಾಗಿತ್ತು. ಅವನು ಹಾಗೆ ಮಾಡಲಿಲ್ಲ. ಗಡಿಗೆ ನುಗ್ಗಿ ಬಂದ ಬಹಮನಿ ಸೈನ್ಯವನ್ನು ಹಿಮ್ಮೆಟ್ಟಿಸಿದ್ದುಂಟು. ಆದರೆ ಮೊದಲ ಒಂದೂವರೆ ವರ್ಷ ಅವನು ರಾಜಧಾನಿಯಲ್ಲಿಯೇ ಉಳಿದು, ರಾಜ್ಯದ ಆದಾಯ ವೆಚ್ಚಗಳನ್ನು ತಿಳಿಯುತ್ತ, ಹಿಂದಿನ ಅರಸರು ಬಿಟ್ಟುಹೋದ ಪತ್ರಗಳನ್ನು ಓದುತ್ತ ಇದ್ದನೆಂದು ನ್ಯೂನಿಜ್ ಹೇಳುತ್ತಾನೆ. ಅವುಗಳಲ್ಲಿ ಸಾಳುವ ನರಸಿಂಹನ ಕಡೆಯ ಇಚ್ಛೆಯೂ ಇತ್ತು: ತನ್ನ ಕಾಲದಲ್ಲಿ ಗೆಲ್ಲಲಾಗದೆ ಹೋದ ರಾಯಚೂರು, ಉದಯಗಿರಿ ಮೊದಲಾದ ದುರ್ಗಗಳನ್ನು ಮುಂದಿನವರು ಗೆಲ್ಲಬೇಕೆಂಬುದು. ಮುಂದಿನ ಹತ್ತು ವರ್ಷಗಳ ದಂಡಯಾತ್ರೆಗಳೆಲ್ಲ ಆ ಓದಿನಿಂದಲೇ ಹುಟ್ಟಿದಂತೆ ತೋರುತ್ತವೆ. ಸೈನ್ಯಕ್ಕೆ ಬೇಕಾದ ಅರಬ್ಬೀ ಕುದುರೆಗಳು ಸಮುದ್ರದ ಮೇಲೆ ಗೋವೆ, ಭಟ್ಕಳಗಳಿಗೆ ಬರುತ್ತಿದ್ದುವು. ಅವು ಶತ್ರುಗಳ ಕೈಸೇರದೆ ತನಗೆ ದೊರೆಯಬೇಕೆಂದು ಅವನು ಪೋರ್ಚುಗೀಸರೊಡನೆ ಸ್ನೇಹವನ್ನು ಬೆಳೆಸಿದನು.

ಮೊದಲು ಅವನು ಮನೆಯೊಳಗಿನ ಬೆಂಕಿಯನ್ನು ಆರಿಸಿದನು. ಉಮ್ಮತ್ತೂರಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣವನ್ನೂ, ಕಾವೇರಿಯ ನಡುಗಡ್ಡೆಯಲ್ಲಿದ್ದ ಶಿವನಸಮುದ್ರದ ಕೋಟೆಯನ್ನೂ ಹಿಡಿದನು. ಗಂಗರಾಜನು ಪಲಾಯನ ಮಾಡುತ್ತಿರುವಾಗ ನದಿಯಲ್ಲಿ ಮುಳುಗಿದನು. 1512ರ ವೇಳೆಗೆ ದಕ್ಷಿಣವು ಶಾಂತವಾಯಿತು.

ಬಳಿಕ ಅವನು ಪೂರ್ವಕ್ಕೆ ತಿರುಗಿದನು. 1513ರಲ್ಲಿ ಉದಯಗಿರಿಗೆ ಮುತ್ತಿಗೆ ಹಾಕಿದನು. ಕಡಿದಾದ ಬೆಟ್ಟದ ಮೇಲಿನ ಆ ದುರ್ಗಕ್ಕೆ ಹೋಗಲು ಇದ್ದುದು ಇಕ್ಕಟ್ಟಾದ ಒಂದೇ ದಾರಿ. ಅರಸನು ಅವಸರಪಡಲಿಲ್ಲ. ಬಂಡೆಗಳನ್ನು ಒಡೆಯಿಸಿ, ಗುಡ್ಡಗಳನ್ನು ಕಡಿಸಿ, ಸೈನ್ಯವು ಗೋಡೆಯ ಬುಡವನ್ನು ಮುಟ್ಟುವಷ್ಟು ಅಗಲವಾದ ಮಾರ್ಗಗಳನ್ನು ಮಾಡಿಸಿದನು. ಒಂದೂವರೆ ವರ್ಷದ ಬಳಿಕ, 1514ರಲ್ಲಿ, ಕೋಟೆಯು ಕೈವಶವಾಯಿತು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಾಪಿಸಿದನು. ಇಂದು ನಾವು ನೋಡುವ ಕೃಷ್ಣ ದೇವಾಲಯವು ಆ ವಿಜಯದ ಸ್ಮಾರಕವೇ ಆಗಿದೆ.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ಕೊಂಡವೀಡು ಬಿದ್ದಿತು. ಆ ಮುತ್ತಿಗೆಯ ಕೀರ್ತಿ ತಿಮ್ಮರಸನಿಗೂ ಸಲ್ಲುತ್ತದೆ. ಗಜಪತಿಯ ಮಗ ವೀರಭದ್ರನು ಸೆರೆಸಿಕ್ಕನು. ಕೃಷ್ಣದೇವರಾಯನು ಅವನಿಗೆ ಕನ್ನಡನಾಡಿನ ಮಲೇಬೆನ್ನೂರು ಸೀಮೆಯ ಆಡಳಿತವನ್ನು ಕೊಟ್ಟಿದ್ದನೆಂಬುದು 1516ರ ಶಾಸನದಿಂದ ತಿಳಿಯುತ್ತದೆ. ವಿಜಯಸೈನ್ಯವು ಸಿಂಹಾಚಲದವರೆಗೂ ಸಾಗಿತು. ಕೊನೆಗೆ ಗಜಪತಿಯು ಸಂಧಿಗೆ ಒಪ್ಪಿ ಮಗಳನ್ನು ಕೊಟ್ಟು ವಿವಾಹ ಮಾಡಿದನು. ಕೃಷ್ಣಾ ನದಿಯ ಉತ್ತರಕ್ಕೆ ಗೆದ್ದ ನೆಲವನ್ನೆಲ್ಲ ಕೃಷ್ಣದೇವರಾಯನು ಅವನಿಗೆ ಹಿಂದಿರುಗಿಸಿದನು. ಕಾಯಲಾಗದಷ್ಟು ದೂರದ ಭೂಮಿಯನ್ನು ಇಟ್ಟುಕೊಳ್ಳುವುದಕ್ಕಿಂತ ಗಡಿಯಲ್ಲಿ ಶಾಂತಿಯನ್ನು ಪಡೆಯುವುದು ಲೇಸೆಂಬುದನ್ನು ಅವನು ಅರಿತಿದ್ದನು.

ಉಳಿದುದು ರಾಯಚೂರು. ಕೃಷ್ಣಾ ತುಂಗಭದ್ರೆಗಳ ನಡುವಣ ಫಲವತ್ತಾದ ದೋಆಬಿಗಾಗಿ ಎರಡು ಶತಮಾನಗಳಿಂದ ರಕ್ತ ಹರಿದಿತ್ತು. 1520ರ ಮೇ ತಿಂಗಳಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಹನು ಕೃಷ್ಣೆಯನ್ನು ದಾಟಿ ಬಂದು ಎದುರಾದನು. ಯುದ್ಧದ ಆರಂಭದಲ್ಲಿ ಸುಲ್ತಾನನ ಫಿರಂಗಿಗಳು ಒಮ್ಮೆಗೇ ಗರ್ಜಿಸಿದುವು. ವಿಜಯನಗರದ ಮುಂಚೂಣಿಯ ಸಾಲು ಮುರಿದು, ಸೈನಿಕರು ಹಿಂದಕ್ಕೆ ಓಡತೊಡಗಿದರು. ಸೋಲು ಕಣ್ಣೆದುರಿಗೆ ನಿಂತಿತು. ಆ ಗಳಿಗೆಯಲ್ಲಿ ಕೃಷ್ಣದೇವರಾಯನು ತನ್ನ ಬೆರಳಿನ ಉಂಗುರವನ್ನು ಕಳಚಿ ಪರಿಚಾರಕನ ಕೈಗೆ ಕೊಟ್ಟನು. ತಾನು ಮಡಿದರೆ ಅದನ್ನು ರಾಣಿಯರಿಗೆ ತೋರಿಸಬೇಕೆಂದು ಹೇಳಿದನು. ಬಳಿಕ ಕುದುರೆಯೇರಿ, ಉಳಿದ ದಳಗಳೊಡನೆ ತಾನೇ ಮುನ್ನುಗ್ಗಿದನು. ಅರಸನು ಹಿಂದೆ ತಿರುಗುವುದಿಲ್ಲವೆಂಬುದನ್ನು ಕಂಡ ಸೈನ್ಯವು ಹಿಂದೆ ತಿರುಗಲಿಲ್ಲ. ಶತ್ರುಗಳು ನದಿಯವರೆಗೂ ಅಟ್ಟಲ್ಪಟ್ಟರು. ಸುಲ್ತಾನನು ಆನೆಯೇರಿ ತಪ್ಪಿಸಿಕೊಂಡನು. ಓಡುವವರ ಸಂಹಾರವನ್ನು ನೋಡಲಾರದೆ, ಇನ್ನು ಸಾಕೆಂದು ಅರಸನು ತಡೆದನೆಂದೂ ನ್ಯೂನಿಜ್ ಬರೆದಿದ್ದಾನೆ. ಮುಂದೆ ಪೋರ್ಚುಗೀಸ್ ಬಂದೂಕುಗಾರರ ನೆರವಿನಿಂದ ರಾಯಚೂರಿನ ಕೋಟೆಯೂ ಒಳಗಾಯಿತು. ಅಲ್ಲಿಯ ನಿವಾಸಿಗಳ ಪ್ರಾಣಕ್ಕೂ ಸೊತ್ತಿಗೂ ಭಯವಿಲ್ಲವೆಂದು ಅವನು ಅಭಯವಿತ್ತನು.

ಹನ್ನೊಂದು ವರ್ಷಗಳ ಹಿಂದೆ ಕಣ್ಣುಗಳಿಗಾಗಿ ಬೇಡಿಕೊಂಡನೆನ್ನಲಾದ ತರುಣನು ಈಗ ದಕ್ಷಿಣ ಭಾರತದ ಅತ್ಯಂತ ಬಲಶಾಲಿಯಾದ ಅರಸನಾಗಿದ್ದನು. ಆ ಬಲವನ್ನು ಅವನು ಯುದ್ಧಕ್ಕಷ್ಟೇ ಮೀಸಲಿಡಲಿಲ್ಲ. ರಾಜಧಾನಿಯ ನೈರುತ್ಯಕ್ಕೆ ಹೊಸದೊಂದು ಊರನ್ನು ಕಟ್ಟಿಸಿ ನಾಗಲಾಪುರವೆಂದು ಹೆಸರಿಟ್ಟನು. ತಾಯಿ ನಾಗಲಾದೇವಿಯ ನೆನಪಿಗೆ ಇಟ್ಟ ಹೆಸರದು ಎಂಬುದು ಈ ನಾಡಿನ ಪ್ರತೀತಿ. ಆ ಊರೇ ಇಂದಿನ ಹೊಸಪೇಟೆ. ಅದರ ಬಳಿ, ಸಂಡೂರಿನ ಬೆಟ್ಟಗಳ ಸಾಲಿನಲ್ಲಿ ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ದೊಡ್ಡ ಕೆರೆಯನ್ನು ಕಟ್ಟಿಸಲು ತೊಡಗಿದನು. ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಗಳಂತೆ ಅಲ್ಲಿ ದುಡಿಯುತ್ತಿದ್ದುದನ್ನು ಪಾಯೆಸ್ ಕಂಡನು. ಏರಿಯು ಎರಡು ಮೂರು ಸಲ ಒಡೆಯಿತು, ಅರಸನು ಕೈಬಿಡಲಿಲ್ಲ. ಜೊವಾವೊ ಎಂಬ ಪೋರ್ಚುಗೀಸ್ ಶಿಲ್ಪಿಯ ಸಲಹೆಯನ್ನೂ ಪಡೆದನು. ನೀರು ಹರಿದ ಮೇಲೆ ಆ ಹೊಲಗಳನ್ನು ರೈತರಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ಮೊದಲು ರೈತನು ನೆಲವನ್ನು ಹದಮಾಡಿಕೊಳ್ಳಲಿ, ಬೊಕ್ಕಸಕ್ಕೆ ಆಮೇಲೆ ಬರಲಿ ಎಂಬುದು ಅವನ ಲೆಕ್ಕ.

ಇಲ್ಲಿಗೆ ಕಥೆಯನ್ನು ಮುಗಿಸಿದ್ದರೆ ಅದು ಸುಖಾಂತವಾಗುತ್ತಿತ್ತು. ಆದರೆ ಉದಯವನ್ನು ಕಂಡವರು ಸಂಜೆಯನ್ನೂ ಕಾಣಬೇಕು. ಕೃಷ್ಣದೇವರಾಯನು ತನ್ನ ಎಳೆಯ ಮಗ ತಿರುಮಲನಿಗೆ ಬದುಕಿರುವಾಗಲೇ ಪಟ್ಟ ಕಟ್ಟಿದನು. 1524ರ ಸುಮಾರಿಗೆ ಆ ಮಗು ತೀರಿಕೊಂಡಿತು. ವಿಷಪ್ರಯೋಗವಾಯಿತೆಂಬ ಸುದ್ದಿ ಹಬ್ಬಿತು. ಸಂಶಯವು ತಿಮ್ಮರಸನ ಮನೆಯವರ ಮೇಲೆ ತಿರುಗಿತು. ದುಃಖದಲ್ಲಿ, ಪಾಯೆಸ್ ಕಂಡಿದ್ದ ಆ ಉಗ್ರಕೋಪದಲ್ಲಿ, ಅರಸನು ತನ್ನ ಅಪ್ಪಾಜಿಯನ್ನು ಮಕ್ಕಳೊಡನೆ ಸೆರೆಗೆ ಹಾಕಿಸಿದನು. ಕೆಲವು ವರ್ಷಗಳ ಬಳಿಕ ಅವರ ಕಣ್ಣುಗಳನ್ನು ಕೀಳಿಸಿದನೆಂದು ನ್ಯೂನಿಜ್ ದಾಖಲಿಸಿದ್ದಾನೆ. ಅಂದು ಯಾರ ಕಣ್ಣುಗಳನ್ನು ಮಂತ್ರಿಯು ಉಳಿಸಿದ್ದನೋ ಅವನಿಂದಲೇ ಮಂತ್ರಿಯ ಕಣ್ಣುಗಳು ಹೋದುವು. ವೀರನರಸಿಂಹನ ಮನಸ್ಸನ್ನು ಕವಿದಿದ್ದ ಸಂಶಯವೇ, ಎಷ್ಟೋ ಕೋಟೆಗಳನ್ನು ಗೆದ್ದ ಅವನ ತಮ್ಮನ ಮನಸ್ಸನ್ನೂ ಗೆದ್ದುಬಿಟ್ಟಿತು.

1529ರಲ್ಲಿ ಕೃಷ್ಣದೇವರಾಯನು ಕಾಲವಾದನು. ತನ್ನ ತರುವಾಯ ಪಟ್ಟವೇರಬೇಕಾದವನೆಂದು ಅವನು ಸೂಚಿಸಿದುದು, ತಾನೇ ಚಂದ್ರಗಿರಿಯಲ್ಲಿ ಕಾವಲಿನಲ್ಲಿ ಇರಿಸಿದ್ದ ತಮ್ಮ ಅಚ್ಯುತರಾಯನನ್ನು. ಅಂದು ತಮ್ಮನ ಪ್ರಾಣವನ್ನು ಉಳಿಸಿದ್ದುದು ಕಡೆಗೆ ರಾಜ್ಯದ ಉಪಯೋಗಕ್ಕೆ ಬಂದಿತು.

ಐದು ಶತಮಾನಗಳು ಕಳೆದಿವೆ. ಉದಯಗಿರಿ ರಾಯಚೂರುಗಳ ಕೋಟೆಗಳಲ್ಲಿ ಈಗ ಕಾವಲಿಲ್ಲ. ಹಂಪಿಯ ಅರಮನೆಗಳ ಅಡಿಪಾಯಗಳಷ್ಟೇ ಉಳಿದಿವೆ. ಆದರೆ ವಿಜಯನಗರದ ಕಾಲದ ಕಾಲುವೆಗಳಲ್ಲಿ ನೀರು ಇಂದಿಗೂ ಹರಿದು ಹೊಸಪೇಟೆ, ಕಂಪ್ಲಿಗಳ ಹೊಲಗದ್ದೆಗಳನ್ನು ತಣಿಸುತ್ತಿದೆ. ಆ ನೀರಿನ ಬಳಿ ನಿಂತು ನಾವು ಕೃಷ್ಣದೇವರಾಯನನ್ನು ನೆನೆಯುವಾಗ, ಅವನ ಕಣ್ಣುಗಳನ್ನು ಕಾಪಾಡಿದ ವೃದ್ಧ ಮಂತ್ರಿಯನ್ನೂ ನೆನೆಯುವುದು ನ್ಯಾಯ. ದೊಡ್ಡವರ ಏಳಿಗೆಯಲ್ಲಿ ಅವರ ಸ್ವಂತ ಸಾಹಸದೊಡನೆ ಇತರರ ನಂಬಿಕೆಯೂ ಸೇರಿರುತ್ತದೆ. ಆ ನಂಬಿಕೆಯ ಋಣವನ್ನು ಕೊನೆಯವರೆಗೆ ನೆನಪಿಡುವುದು ರಾಯಚೂರನ್ನು ಗೆಲ್ಲುವುದಕ್ಕಿಂತಲೂ ಕಠಿಣವಾದ ಕೆಲಸ.